ಗಾಡಿ ನಿಲ್ಲಿಸಿ, ಪ್ರಶ್ನೆ ನಿಲ್ಲಿಸಬೇಡಿ

ಪುಣೆ ಕ್ಯಾಂಪಿನ ಚೌಕದಲ್ಲಿ ಕೆಎ ನಂಬರಿನ ಗಾಡಿಗೆ ಕೈ ಅಡ್ಡ ಬರುತ್ತದೆ. ಕಾರಣ ಹೇಳುವವರಿಲ್ಲ, ರಸೀದಿಯ ಮಾತಿಲ್ಲ. ತಲೆಬಾಗಬೇಕೋ, ತಕರಾರು ತೆಗೆಯಬೇಕೋ? ಕಾನೂನು ಎರಡಕ್ಕೂ ಜಾಗ ಇಟ್ಟಿದೆ: ನಿಲ್ಲುವುದು ರಸ್ತೆಯಲ್ಲಿ, ತಕರಾರು ಕಾಗದದ ಮೇಲೆ.

ಡಿಸೆಂಬರ್ ಕೊನೆಯ ವಾರ, ಬೆಳಗಿನ ಏಳೂವರೆ. ಸೋಲಾಪುರ ರಸ್ತೆಯಿಂದ ಬಂದ ಹಳದಿ ಬೋರ್ಡಿನ ಕಾರೊಂದು ಕ್ಯಾಂಪಿನೊಳಗೆ ತಿರುಗುತ್ತದೆ. ನಂಬರ್ ಪ್ಲೇಟಿನ ಮೇಲೆ ಕೆಎ 28. ಇಂಡಿ ಕಡೆಯಿಂದ ರಾತ್ರಿಯೆಲ್ಲ ಓಡಿಬಂದ ಗಾಡಿ. ಹಿಂದಿನ ಸೀಟಿನಲ್ಲಿ ಶಾಲು ಹೊದ್ದ ವಯಸ್ಸಾದ ತಾಯಿ, ಪಕ್ಕದಲ್ಲಿ ಎಕ್ಸ್‌ರೇ ಕವರನ್ನು ತೊಡೆಯ ಮೇಲಿಟ್ಟುಕೊಂಡ ಮಗಳು. ಸಸೂನ್ ರಸ್ತೆಯ ಆಸ್ಪತ್ರೆಯಲ್ಲಿ ಒಂಬತ್ತಕ್ಕೆ ಡಾಕ್ಟರನ್ನು ಕಾಣಬೇಕು.

ಚೌಕದಲ್ಲಿ ಒಂದು ಕೈ ಮೇಲೇಳುತ್ತದೆ. "ಗಾಡಿ ಬಾಜೂಲಾ ಘ್ಯಾ."

ಚಾಲಕ ಬದಿಗೆ ಹಾಕುತ್ತಾನೆ. ಲೈಸೆನ್ಸ್ ತೋರಿಸುತ್ತಾನೆ. ಆರ್‌ಸಿ, ವಿಮೆ, ಫಿಟ್‌ನೆಸ್, ಪರ್ಮಿಟ್, ಹೊಗೆ ತಪಾಸಣೆಯ ಚೀಟಿ ಒಂದೊಂದಾಗಿ ಹೊರಬರುತ್ತವೆ. ಎಲ್ಲವೂ ಸರಿಯಾಗಿವೆ. ಆದರೂ ಹೋಗು ಎನ್ನುವ ಸನ್ನೆ ಬರುವುದಿಲ್ಲ. ಸಮವಸ್ತ್ರದವರು ಗಾಡಿಯನ್ನು ಒಂದು ಸುತ್ತು ಹಾಕಿ "ಬಾಹೇರಚಿ ಗಾಡಿ" ಎನ್ನುತ್ತಾರೆ. ಹೊರಗಿನ ಗಾಡಿ.

"ಸಾಹೇಬ್ರ, ಪೇಷಂಟ್ ಅದಾರ್ರಿ. ಏನ್ ತಪ್ಪಾಗೇದ ಹೇಳ್ರಿ." ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಚಾಲಕ ಕೇಳುತ್ತಾನೆ. ಉತ್ತರ ಇಲ್ಲ.

ಹಿಂದಿನಿಂದ ಮಗಳ ದನಿ: "ಅಣ್ಣಾರ, ಎಷ್ಟ್ ಕೇಳ್ತಾರ ಕೊಟ್ಟು ನಡೀರಿ. ಅವ್ವಗ ಕೂಡಾಕ ಆಗವಲ್ದು."

ಈ ಚಾಲಕನಿಗೆ ಹೆಸರಿಡಬೇಕಾಗಿಲ್ಲ. ಪುಣೆಗೆ ಬಾಡಿಗೆ ಹೊಡೆಯುವ ವಿಜಯಪುರ, ಕಲಬುರಗಿ, ಬೀದರಿನ ಚಾಲಕರ ನಡುವೆ ಈ ಮಾತು ತೆಗೆದು ನೋಡಿ, ಇಂಥ ಬೆಳಗು ಎಲ್ಲರಿಗೂ ಪರಿಚಿತ. ಅವರ ಮುಂದೆ ಮೂರು ದಾರಿಗಳಿರುತ್ತವೆ. ನೋಟು ಮಡಿಚಿ ಕೊಟ್ಟು ಹೊರಡುವುದು. ದನಿ ಏರಿಸಿ ಜಗಳಕ್ಕೆ ನಿಲ್ಲುವುದು. ಇಲ್ಲವೇ ತಾಳ್ಮೆಯಿಂದ ನಿಂತು, ಕಾರಣ ಕೇಳಿ, ಚಲನ್ ಕೊಡಿ ಎನ್ನುವುದು. ಮೂರನೆಯದು ಸರಿಯಾದ ದಾರಿ. ಅತ್ಯಂತ ಕಷ್ಟದ ದಾರಿಯೂ ಅದೇ. ಅದು ಅಷ್ಟು ಕಷ್ಟವಾಗಬಾರದು ಎಂಬುದೇ ಈ ಲೇಖನದ ಒತ್ತಾಯ.

ಪುಲ್‌ಗೇಟಿನ ಬಾಗಿಲಲ್ಲಿ

1817ರ ನವೆಂಬರ್‌ನಲ್ಲಿ ಖಡಕಿಯ ಯುದ್ಧದಲ್ಲಿ ಪೇಶ್ವೆಯ ಸೇನೆ ಸೋತ ಮೇಲೆ ಬ್ರಿಟಿಷರು ಊರಿನ ಪೂರ್ವಕ್ಕೆ ದಂಡು ಬಿಟ್ಟರು. ಅದೇ ಇಂದಿನ ಕ್ಯಾಂಪ್. ಹಳೆಯ ಪುಣೆಕರರ ಬಾಯಲ್ಲಿ ಲಷ್ಕರ್. ಭೂಸೇನೆಯ ದಕ್ಷಿಣ ಕಮಾಂಡಿನ ಕೇಂದ್ರ ಇಲ್ಲಿದೆ. ಪುಣೆ ಪೊಲೀಸ್ ಕಮಿಷನರ್ ಕಚೇರಿಯೂ ಇದೇ ಭಾಗದಲ್ಲಿ, ಸಾಧು ವಾಸ್ವಾನಿ ಚೌಕದ ಹತ್ತಿರ.

ಹಡಪ್ಸರ ದಾಟಿ ಸೋಲಾಪುರ ರಸ್ತೆ ಪುಣೆಯ ಒಳಗೆ ಬರುವುದು ಪುಲ್‌ಗೇಟಿನ ಮೂಲಕ. ಹಾಗಾಗಿ ಕಲ್ಯಾಣ ಕರ್ನಾಟಕದಿಂದ, ವಿಜಯಪುರದಿಂದ ಬರುವ ಗಾಡಿಗಳಿಗೆ ಪುಣೆಯ ಮೊದಲ ಪರಿಚಯವೇ ಕ್ಯಾಂಪ್. ಆಸ್ಪತ್ರೆಗೆ ಬರುವವರು, ರೈಲು ನಿಲ್ದಾಣಕ್ಕೆ ಹೋಗುವವರು, ಐಟಿ ಕಂಪನಿಯ ಕೆಲಸಕ್ಕೆ ಸೇರಿದ ಮಗನ ಮನೆ ಸಾಮಾನು ತರುವವರು, ಎಲ್ಲರೂ ಈ ದಾರಿಯಲ್ಲಿ ಬರುತ್ತಾರೆ.

ಹೊಸಬರಿಗೆ ಇಲ್ಲಿನ ರಸ್ತೆಗಳು ಸುಲಭಕ್ಕೆ ಒಲಿಯುವುದಿಲ್ಲ. ದಂಡಿನ ಕಾಲದ ಕಿರಿದಾದ ಬೀದಿಗಳು, ಒನ್‌ವೇಗಳು, ದಿನ ಬಿಟ್ಟು ದಿನ ಬದಿ ಬದಲಾಗುವ ಪಿ1, ಪಿ2 ಪಾರ್ಕಿಂಗ್ ಫಲಕಗಳು. ಕ್ರಿಸ್‌ಮಸ್ ವಾರದಲ್ಲಂತೂ ಎಂ.ಜಿ. ರಸ್ತೆ, ಈಸ್ಟ್ ಸ್ಟ್ರೀಟ್, ಕಯಾನಿ ಬೇಕರಿಯ ಮುಂದಿನ ಸಾಲು, ಫ್ಯಾಷನ್ ಸ್ಟ್ರೀಟಿನ ಜಂಗುಳಿ ಎಲ್ಲ ಸೇರಿ ಚಕ್ರ ಉರುಳುವುದೇ ಕಷ್ಟ. 31ರ ರಾತ್ರಿ ಹೇಗೂ ನಾಕಾಬಂದಿ.

ಆದ್ದರಿಂದ ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳೋಣ. ಇಲ್ಲಿ ಪೊಲೀಸರು ಕೈ ತೋರಿಸಿದಾಗಲೆಲ್ಲ ಅದು ಅನ್ಯಾಯವಲ್ಲ. ಎದುರು ದಿಕ್ಕಿನಲ್ಲಿ ನುಗ್ಗಿದ, ಸಿಗ್ನಲ್ ಹಾರಿದ, ಫೋನ್ ಕಿವಿಗಿಟ್ಟು ಓಡಿಸಿದ ಗಾಡಿಯನ್ನು ನಿಲ್ಲಿಸುವುದು ಅವರ ಕರ್ತವ್ಯ. ಪ್ರಶ್ನೆ ಇರುವುದು ಕಾರಣ ಹೇಳದ ತಡೆಯ ಬಗ್ಗೆ, ರಸೀದಿ ಇಲ್ಲದ ವಸೂಲಿಯ ಬಗ್ಗೆ, ನಂಬರ್ ಪ್ಲೇಟ್ ನೋಡಿ ಮಾತ್ರ ಎತ್ತುವ ಕೈಯ ಬಗ್ಗೆ.

ಕಾಯ್ದೆಯ ಪುಸ್ತಕ ಏನನ್ನುತ್ತದೆ?

ವಾಟ್ಸ್ಆ್ಯಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಒಂದು ಸಂದೇಶ ಇದೆ: ಕಾನ್‌ಸ್ಟೆಬಲ್‌ಗೆ ದಾಖಲೆ ಕೇಳುವ ಹಕ್ಕಿಲ್ಲ, ನಿಲ್ಲದೆ ಹೋಗಬಹುದು. ಇದನ್ನು ನಂಬಿ ಹೊರಟವರು ತೊಂದರೆಗೆ ಸಿಕ್ಕಿದ್ದಾರೆ.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 130 ನೇರವಾಗಿದೆ. ಸಾರ್ವಜನಿಕ ಸ್ಥಳದಲ್ಲಿ ಗಾಡಿ ಓಡಿಸುವವರು, ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಬೇಕು. ಇಲ್ಲಿ ದರ್ಜೆಯ ಮಾತಿಲ್ಲ, ಸಮವಸ್ತ್ರದ ಮಾತಿದೆ. ಕಾನೂನುಬದ್ಧ ಸೂಚನೆಯನ್ನು ಬೇಕೆಂದೇ ಮೀರಿದರೆ ಸೆಕ್ಷನ್ 179ರ ಪ್ರಕಾರ 2,000 ರೂಪಾಯಿವರೆಗೆ ದಂಡ.

ತೋರಿಸುವುದು ಬೇರೆ, ದಂಡ ಕಟ್ಟುವುದು ಬೇರೆ. ಈ ವ್ಯತ್ಯಾಸ ಬಹಳ ಜನಕ್ಕೆ ಗೊತ್ತಿಲ್ಲ.

ಸ್ಥಳದಲ್ಲೇ ಕಟ್ಟುವ ದಂಡಕ್ಕೆ ಆಧಾರ ಸೆಕ್ಷನ್ 200. ಅದು ಒಂದು ರಾಜಿ. ತಪ್ಪು ಒಪ್ಪಿಕೊಂಡು, ನಿಗದಿಯಾದ ಮೊತ್ತ ಕೊಟ್ಟು, ಕೋರ್ಟಿಗೆ ಹೋಗದೆ ವಿಷಯ ಮುಗಿಸುವ ಏರ್ಪಾಡು. ಯಾವ ತಪ್ಪಿಗೆ ಎಷ್ಟು, ಅದನ್ನು ಯಾವ ದರ್ಜೆಯ ಅಧಿಕಾರಿ ಪಡೆಯಬಹುದು ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚನೆಯಲ್ಲಿ ಹೇಳಬೇಕು. ತಪ್ಪೇ ಮಾಡಿಲ್ಲ ಎನ್ನುವವರು ಈ ರಾಜಿಗೆ ಒಪ್ಪಬೇಕಾಗಿಲ್ಲ. ನನ್ನ ಮೇಲೆ ಚಲನ್ ಹಾಕಿ, ಕೋರ್ಟಿನಲ್ಲಿ ಹೇಳಿಕೊಳ್ಳುತ್ತೇನೆ ಎನ್ನಬಹುದು. ಹಾಗೆ ಹೇಳುವುದು ಉದ್ಧಟತನವಲ್ಲ, ಕಾಯ್ದೆಯೇ ಬಿಟ್ಟಿರುವ ದಾರಿ.

ಗಾಡಿಯನ್ನು ಹಿಡಿದಿಡುವ ಅಧಿಕಾರಕ್ಕೂ ಗಡಿ ಇದೆ. ಸೆಕ್ಷನ್ 207 ಅದನ್ನು ಕೆಲವೇ ಸಂದರ್ಭಗಳಿಗೆ ಕೊಡುತ್ತದೆ: ಲೈಸೆನ್ಸ್ ಇಲ್ಲದೆ ಓಡಿಸಿದರೆ, ವಯಸ್ಸಾಗದವರು ಓಡಿಸಿದರೆ, ನೋಂದಣಿ ಇಲ್ಲದಿದ್ದರೆ, ಬಾಡಿಗೆ ಗಾಡಿಗೆ ಪರ್ಮಿಟ್ ಇಲ್ಲದಿದ್ದರೆ ಅಥವಾ ಪರ್ಮಿಟ್ಟಿನ ಷರತ್ತು ಮೀರಿದ್ದರೆ. ಲೈಸೆನ್ಸ್ ವಶಪಡಿಸಿಕೊಂಡರೆ ಸೆಕ್ಷನ್ 206ರಂತೆ ತಾತ್ಕಾಲಿಕ ಸ್ವೀಕೃತಿ ಚೀಟಿ ಕೊಡಲೇಬೇಕು. ಲೈಸೆನ್ಸ್ ವಾಪಸ್ ಬರುವವರೆಗೆ ಆ ಚೀಟಿಯ ಮೇಲೆ ಗಾಡಿ ಓಡಿಸಬಹುದು.

ಇಡೀ ಕಾಯ್ದೆ ಓದಿದರೂ ಸವಾರನ ಗಾಡಿಯಿಂದ ಕೀ ಕಿತ್ತುಕೊಳ್ಳಬಹುದು ಎಂದು ಹೇಳುವ ಸೆಕ್ಷನ್ ಸಿಗುವುದಿಲ್ಲ.

---

ಚೌಕಟ್ಟು 1: ಮೊಬೈಲಿನಲ್ಲಿರುವ ದಾಖಲೆಯೂ ದಾಖಲೆಯೇ

• ಕೇಂದ್ರ ಮೋಟಾರು ವಾಹನ ನಿಯಮ 139ಕ್ಕೆ 2018ರ ನವೆಂಬರ್‌ನಲ್ಲಿ ತಿದ್ದುಪಡಿ ಬಂತು. ಲೈಸೆನ್ಸ್, ಆರ್‌ಸಿ, ವಿಮೆ, ಫಿಟ್‌ನೆಸ್, ಪರ್ಮಿಟ್, ಹೊಗೆ ತಪಾಸಣಾ ಪತ್ರಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ತೋರಿಸಿದರೂ ಸಾಕು.

• ಡಿಜಿಲಾಕರ್, ಎಂಪರಿವಾಹನ್ ಆ್ಯಪ್‌ಗಳಲ್ಲಿರುವ ದಾಖಲೆಗೆ ಮಾನ್ಯತೆ ಇದೆ. ಗ್ಯಾಲರಿಯಲ್ಲಿರುವ ಫೋಟೊಗೆ ಆ ಮಾನ್ಯತೆ ಇಲ್ಲ.

• 2020ರ ಅಕ್ಟೋಬರ್ 1ರಿಂದ, ಎಲೆಕ್ಟ್ರಾನಿಕ್ ಆಗಿ ಪರಿಶೀಲಿಸಿ ಸರಿ ಕಂಡ ದಾಖಲೆಯ ಮೂಲ ಪ್ರತಿಯನ್ನು ಕೇಳುವಂತಿಲ್ಲ.

• ಆ ಹೊತ್ತಿಗೆ ದಾಖಲೆ ಕೈಯಲ್ಲಿ ಇಲ್ಲದಿದ್ದರೆ, ನಿಗದಿತ ಅವಧಿಯೊಳಗೆ ಹಾಜರುಪಡಿಸುವ ಅವಕಾಶವನ್ನು ಸೆಕ್ಷನ್ 130 ಇಟ್ಟಿದೆ.

---

ಮಂಡ್ಯದ ಮಗು ಬದಲಿಸಿದ ನಿಯಮ

ತಡೆಯುವ ರೀತಿ ಎಷ್ಟು ದುಬಾರಿಯಾಗಬಹುದು ಎಂಬುದನ್ನು ಕರ್ನಾಟಕ 2025ರ ಮೇ 26ರಂದು ಕಂಡಿತು.

ಮದ್ದೂರು ತಾಲ್ಲೂಕಿನ ದಂಪತಿ ನಾಯಿ ಕಚ್ಚಿದ ಮಗಳನ್ನು ಬೈಕಿನಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆತರುತ್ತಿದ್ದರು. ಮಗುವಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಹೆಲ್ಮೆಟ್ ತಪಾಸಣೆಗೆಂದು ನಿಂತಿದ್ದ ಸಂಚಾರ ಪೊಲೀಸರು ಬೈಕನ್ನು ಅಡ್ಡಗಟ್ಟಿದರು. ಆಯ ತಪ್ಪಿ ಮಗು ರಸ್ತೆಗೆ ಬಿತ್ತು. ಹಿಂದಿನಿಂದ ಬಂದ ವಾಹನ ಮಗುವಿನ ಮೇಲೆ ಹರಿಯಿತು. ಮೂವರು ಎಎಸ್‌ಐಗಳು ಅಮಾನತಾದರು.

ಅದಾದ ಕೆಲವೇ ದಿನಗಳಲ್ಲಿ ರಾಜ್ಯ ಪೊಲೀಸ್ ಮಹಾನಿರ್ದೇಶಕ ಎಂ.ಎ. ಸಲೀಂ ಮಾರ್ಗಸೂಚಿ ಹೊರಡಿಸಿದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ತಪಾಸಣೆಗೆಂದು ಗಾಡಿ ನಿಲ್ಲಿಸಬಾರದು. ಓಡುವ ಗಾಡಿಗೆ ದಿಢೀರನೆ ಅಡ್ಡ ಬರಬಾರದು. ಕೀ ಕಿತ್ತುಕೊಳ್ಳಬಾರದು, ಸವಾರರನ್ನು ಹಿಡಿದೆಳೆಯಬಾರದು. ವೇಗವಾಗಿ ಹೋದವರ ಬೆನ್ನಟ್ಟದೆ ನಂಬರ್ ಬರೆದುಕೊಂಡು ಕ್ರಮ ಜರುಗಿಸಬೇಕು.

ಇದು ಹೊಸ ಮಾತೇನಲ್ಲ. 2022ರ ಜೂನ್‌ನಲ್ಲೇ ಅಂದಿನ ಮಹಾನಿರ್ದೇಶಕ ಪ್ರವೀಣ್ ಸೂದ್ ಇದನ್ನೇ ಬಹಿರಂಗವಾಗಿ ಹೇಳಿದ್ದರು: ಕಣ್ಣಿಗೆ ಕಾಣುವ ತಪ್ಪು ಇಲ್ಲದಿದ್ದರೆ ದಾಖಲೆಗಾಗಿ ಮಾತ್ರ ಗಾಡಿ ತಡೆಯುವಂತಿಲ್ಲ, ಕುಡಿದು ಓಡಿಸುವವರ ತಪಾಸಣೆ ಒಂದೇ ಇದಕ್ಕೆ ಹೊರತು. ಅದಕ್ಕೂ ಮುಂಚೆ, 2019ರ ನವೆಂಬರ್‌ನಲ್ಲಿ ಕೇರಳ ಹೈಕೋರ್ಟ್, ಹೆಲ್ಮೆಟ್ ಇಲ್ಲದವರನ್ನು ರಸ್ತೆ ಮಧ್ಯೆ ಅಡ್ಡಗಟ್ಟಿ, ಬೆನ್ನಟ್ಟಿ ಹಿಡಿಯುವ ಪದ್ಧತಿ ನಿಲ್ಲಲಿ, ಕ್ಯಾಮೆರಾ ಬಳಸಿ ಎಂದಿತ್ತು.

ಆದೇಶ 2022ರಲ್ಲಿ ಇತ್ತು. ಮಗು ಸತ್ತದ್ದು 2025ರಲ್ಲಿ. ನಡುವಿನ ಮೂರು ವರ್ಷ ಆ ಆದೇಶ ಚೌಕದಲ್ಲಿ ನಿಂತವರ ಕೈಗೆ ಇಳಿಯಲಿಲ್ಲ. ಆದೇಶ ಹೊರಡಿಸುವುದಕ್ಕಿಂತ ಅದನ್ನು ಪಾಲಿಸಿದರೇ ಎಂದು ಕೇಳುವ ವ್ಯವಸ್ಥೆ ಮುಖ್ಯ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಸಮವಸ್ತ್ರದ ಒಳಗಿರುವವರು

ಇನ್ನೊಂದು ಬದಿಯ ನೋವನ್ನು ಬಿಟ್ಟು ಈ ವಿಷಯ ಬರೆಯಲಾಗದು.

2016ರ ಆಗಸ್ಟ್. ಮುಂಬೈನ ಖಾರ್‌ನಲ್ಲಿ ಸಂಚಾರ ಕಾನ್‌ಸ್ಟೆಬಲ್ ವಿಲಾಸ್ ಶಿಂದೆ ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುತ್ತಿದ್ದ ಹುಡುಗನನ್ನು ತಡೆದು ದಾಖಲೆ ಕೇಳಿದರು. ಹುಡುಗ ಫೋನ್ ಮಾಡಿ ಅಣ್ಣನನ್ನು ಕರೆಸಿದ. ತಲೆಗೆ ಬಿದ್ದ ಏಟಿನಿಂದ ಶಿಂದೆ ಮತ್ತೆ ಚೇತರಿಸಿಕೊಳ್ಳಲಿಲ್ಲ. ಆ ತಿಂಗಳ ಕೊನೆಗೆ ತೀರಿಕೊಂಡರು.

2024ರ ಜುಲೈ. ಪುಣೆಯ ಫರಾಸಖಾನಾ ಭಾಗದಲ್ಲಿ, ಕುಡಿದು ಓಡಿಸಿ ಸಿಕ್ಕಿಬಿದ್ದವನೊಬ್ಬ ಸಂಚಾರ ವಿಭಾಗದ ಮಹಿಳಾ ಅಧಿಕಾರಿಯ ಮೇಲೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚಲು ಹೋದ. ಜೊತೆಗಿದ್ದ ಸಿಬ್ಬಂದಿ ಅವರನ್ನು ಉಳಿಸಿಕೊಂಡರು.

ಹೊಗೆ, ಹಾರ್ನ್, ಬಿಸಿಲಿನ ನಡುವೆ ನಿಂತೇ ಕಳೆಯುವ ಪಾಳಿ. ಎದುರಿನ ಗಾಡಿ ನಿಲ್ಲುತ್ತದೋ, ಮೈಮೇಲೆ ಬರುತ್ತದೋ ಎಂಬ ಅಂಜಿಕೆ. ನಿಲ್ಲದೆ ನುಗ್ಗುವ ಪ್ರತಿ ಗಾಡಿಯೂ ಆ ಅಂಜಿಕೆಯನ್ನು ಹೆಚ್ಚಿಸುತ್ತದೆ, ಮತ್ತು ಅದರ ಸಿಟ್ಟು ಮುಂದಿನ ಅಮಾಯಕ ಸವಾರನ ಮೇಲೆ ತೀರುತ್ತದೆ. ಆದ್ದರಿಂದ ತಡೆ ಸರಿಯೋ ತಪ್ಪೋ, ಗಾಡಿ ನಿಲ್ಲಿಸಲೇಬೇಕು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಕಾನೂನಿನ ಕಡೆಯಿಂದಲೂ ಅದೇ ಕ್ಷೇಮ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 132, ಕರ್ತವ್ಯದಲ್ಲಿರುವ ಸರ್ಕಾರಿ ನೌಕರರ ಮೇಲೆ ಬಲಪ್ರಯೋಗ ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು ವಿಧಿಸುತ್ತದೆ. ಅಡ್ಡಿಪಡಿಸಿದರೂ ಅಪರಾಧ, ಅದು ಸೆಕ್ಷನ್ 221. ಒಂದು ತಳ್ಳಾಟ ಸಾಕು, ನ್ಯಾಯ ಕೇಳಲು ಹೊರಟವನೇ ಆರೋಪಿಯಾಗುತ್ತಾನೆ. ಐನೂರು ರೂಪಾಯಿಯ ತಕರಾರು ವರ್ಷಗಟ್ಟಲೆ ಕೋರ್ಟಿಗೆ ಅಲೆಸುತ್ತದೆ.

ನಂಬರ್ ಪ್ಲೇಟ್ ಅಪರಾಧವಲ್ಲ

ಕೆಎ ನಂಬರಿನ ಗಾಡಿಗೆ ಮಹಾರಾಷ್ಟ್ರದಲ್ಲಿ ಇನ್ನೊಂದು ಭಾರವಿದೆ. ಗಡಿ ವಿವಾದ ಬಿಸಿಯಾದಾಗಲೆಲ್ಲ ಅದು ಮೊದಲು ತಟ್ಟುವುದು ಚಕ್ರದ ಮೇಲಿರುವವರಿಗೆ. 2022ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಹಿರೇಬಾಗೇವಾಡಿ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಅದೇ ದಿನಗಳಲ್ಲಿ ಪುಣೆಯ ಸ್ವಾರಗೇಟ್ ಕಡೆ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಯಾರದೋ ರಾಜಕಾರಣಕ್ಕೆ ಚಾಲಕರು ಬೆಲೆ ತೆತ್ತರು. ಈ ನೆನಪು ಇರುವವರಿಗೆ ಚೌಕದ ಕೈ ಇನ್ನಷ್ಟು ಭಯ ಹುಟ್ಟಿಸುತ್ತದೆ. ಎಂಎಚ್ ನಂಬರಿನವರು ಬೆಂಗಳೂರಿನಲ್ಲಿ ಹೇಳಿಕೊಳ್ಳುವ ಸಂಕಟವೂ ಇದೇ.

ಮೋಟಾರು ವಾಹನ ಕಾಯ್ದೆಯಲ್ಲಿ ಇದಕ್ಕೆ ಉತ್ತರವಿದೆ. ಸೆಕ್ಷನ್ 46ರಂತೆ ಒಂದು ರಾಜ್ಯದಲ್ಲಿ ನೋಂದಾಯಿತವಾದ ಗಾಡಿಗೆ ದೇಶದ ಯಾವ ಮೂಲೆಯಲ್ಲೂ ಮತ್ತೆ ನೋಂದಣಿ ಬೇಡ. ಸೆಕ್ಷನ್ 47 ಹೇಳುವುದು, ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇರಿಸಿಕೊಂಡರೆ ಅಲ್ಲಿನ ನಂಬರ್ ಪಡೆಯಬೇಕು ಎಂದು. ನಿನ್ನೆ ರಾತ್ರಿ ಹೊರಟು ಇಂದು ಬೆಳಿಗ್ಗೆ ಬಂದ ಗಾಡಿಗೆ "ಹೊರಗಿನ ಗಾಡಿ" ಎಂಬ ಕಾರಣಕ್ಕೆ ದಂಡವಿಲ್ಲ. ಬಾಡಿಗೆ ಗಾಡಿಗಳಿಗೆ ಪರ್ಮಿಟ್, ತೆರಿಗೆಯ ನಿಯಮ ಬೇರೆ. ಅಖಿಲ ಭಾರತ ಪ್ರವಾಸಿ ಪರ್ಮಿಟ್ಟಿನ ಹೊಸ ನಿಯಮಗಳು 2023ರಲ್ಲಿ ಬಂದಿವೆ. ಹಳದಿ ಬೋರ್ಡಿನವರು ಅದನ್ನು ಸರಿಯಾಗಿ ಇಟ್ಟುಕೊಂಡಿರಬೇಕು.

ಯಾರನ್ನು ನಿಲ್ಲಿಸಬಹುದು ಎಂಬ ಪ್ರಶ್ನೆಗೆ ಜಗತ್ತು ಒಂದೇ ಉತ್ತರ ಕೊಟ್ಟಿಲ್ಲ. ಬ್ರಿಟನ್‌ನ 1988ರ ರಸ್ತೆ ಸಂಚಾರ ಕಾಯ್ದೆಯ ಸೆಕ್ಷನ್ 163, ಸಮವಸ್ತ್ರದ ಪೊಲೀಸರು ಹೇಳಿದರೆ ಗಾಡಿ ನಿಲ್ಲಿಸಲೇಬೇಕು ಎನ್ನುತ್ತದೆ, ಕಾರಣದ ಷರತ್ತು ಹಾಕುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1979ರಲ್ಲಿ ಡೆಲವೇರ್ ಮತ್ತು ಪ್ರೌಸ್ ನಡುವಿನ ಮೊಕದ್ದಮೆಯಲ್ಲಿ ಬೇರೆ ದಾರಿ ಹಿಡಿಯಿತು. ಅನುಮಾನಕ್ಕೆ ಹೇಳಬಹುದಾದ ಆಧಾರ ಇಲ್ಲದೆ, ಲೈಸೆನ್ಸ್ ನೋಡಲೆಂದು ಮನಸ್ಸಿಗೆ ಬಂದ ಗಾಡಿಯನ್ನು ತಡೆಯುವುದು ಅಲ್ಲಿನ ಸಂವಿಧಾನಕ್ಕೆ ವಿರುದ್ಧ ಎಂದು 8 ನ್ಯಾಯಮೂರ್ತಿಗಳು ಹೇಳಿದರು, ಒಬ್ಬರು ಒಪ್ಪಲಿಲ್ಲ. ಆದರೆ ಬರುವ ಗಾಡಿಗಳನ್ನೆಲ್ಲ ಒಂದೇ ಸಮ ನಿಲ್ಲಿಸಿ ಕೇಳುವ ನಾಕಾಬಂದಿಯಂಥ ತಪಾಸಣೆಗೆ ಅದೇ ತೀರ್ಪು ದಾರಿ ಬಿಟ್ಟಿತು.

ಆ ತೀರ್ಪು ನಮ್ಮನ್ನು ಕಟ್ಟುವುದಿಲ್ಲ. ಅದರ ಹಿಂದಿನ ವಿವೇಕ ನಮಗೂ ಬೇಕು. ಎಲ್ಲರನ್ನೂ ನಿಲ್ಲಿಸಿದಾಗ ಯಾರಿಗೂ ಅವಮಾನವಾಗುವುದಿಲ್ಲ. ಆರಿಸಿ ನಿಲ್ಲಿಸಿದಾಗ ಆರಿಸಿದ ಕಾರಣ ಹೇಳಬೇಕಾಗುತ್ತದೆ. ಕಾರಣ ಹೇಳಲಾಗದ ಆಯ್ಕೆಯೊಳಗೆ ಪೂರ್ವಗ್ರಹ ಇರುತ್ತದೆ, ಇಲ್ಲವೇ ವಸೂಲಿ ಇರುತ್ತದೆ.

ಪುಣೆಗೆ ಪ್ರತಿಭಟನೆ ಹೊಸದಲ್ಲ

ಪೊಲೀಸ್ ತಪಾಸಣೆಯ ವಿರುದ್ಧ ಬೀದಿಗಿಳಿದ ಊರು ಪುಣೆ. 2019ರ ಜನವರಿಯಲ್ಲಿ ಹೆಲ್ಮೆಟ್ ಕಡ್ಡಾಯದ ಕಾರ್ಯಾಚರಣೆ ಶುರುವಾದಾಗ ಹೆಲ್ಮೆಟ್ ಬದಲು ಪಗಡಿ ತೊಟ್ಟು ಸವಾರರು ಮೆರವಣಿಗೆ ಹೊರಟರು. ರಾಜಕೀಯ ಪಕ್ಷಗಳೂ ಜೊತೆಗೂಡಿದವು.

ಆ ಒಗ್ಗಟ್ಟು ದೊಡ್ಡದು, ಆದರೆ ಅದು ತಪ್ಪು ಗುರಿಗೆ ಖರ್ಚಾಯಿತು. ಹೆಲ್ಮೆಟ್ ತಲೆ ಉಳಿಸುತ್ತದೆ. ಪ್ರಶ್ನಿಸಬೇಕಾದದ್ದು ನಿಯಮವನ್ನಲ್ಲ, ನಿಯಮದ ಹೆಸರಿನಲ್ಲಿ ನಡೆಯುವ ಮನಸೋಇಚ್ಛೆಯನ್ನು. ರಸೀದಿಗಾಗಿ, ಎದೆಯ ಮೇಲಿನ ಹೆಸರಿನ ಪಟ್ಟಿಗಾಗಿ, ಬಾಡಿ ಕ್ಯಾಮೆರಾಗಾಗಿ ಅಂಥದೊಂದು ಮೆರವಣಿಗೆ ಹೊರಟರೆ ನಾನು ಅದರ ಮುಂದಿನ ಸಾಲಿನಲ್ಲಿರುತ್ತೇನೆ.

ತಕರಾರಿಗೆ ಸರಿಯಾದ ಜಾಗ

ಚೌಕದಲ್ಲಿ ಕೇಳಬೇಕಾದ ಪ್ರಶ್ನೆ ಮೂರೇ. ಏನು ತಪ್ಪಾಗಿದೆ? ಯಾವ ಸೆಕ್ಷನ್? ಚಲನ್ ಕೊಡುತ್ತೀರಾ?

ಮೆತ್ತಗೆ ಕೇಳಿ, ಆದರೆ ಕೇಳಿ. ತಪ್ಪು ಇದ್ದರೆ ಉತ್ತರ ತಕ್ಷಣ ಬರುತ್ತದೆ. ಮಹಾರಾಷ್ಟ್ರದಲ್ಲಿ ದಂಡ ಇ-ಚಲನ್ ರೂಪದಲ್ಲಿ ಬೀಳುತ್ತದೆ. ಗಾಡಿ ನಂಬರ್, ಸ್ಥಳ, ಸಮಯ, ಸೆಕ್ಷನ್, ಮೊತ್ತ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಸ್ಥಳದಲ್ಲೇ ಹಣ ಕೊಡಬೇಕೆಂದಿಲ್ಲ, ನಂತರ ಆನ್‌ಲೈನ್‌ನಲ್ಲಿ ಕಟ್ಟಬಹುದು. ಒಪ್ಪಿಗೆ ಇಲ್ಲದಿದ್ದರೆ ಅದೇ ವ್ಯವಸ್ಥೆಯಲ್ಲಿ ದೂರು ದಾಖಲಿಸಬಹುದು, ಕೋರ್ಟಿನಲ್ಲೂ ಪ್ರಶ್ನಿಸಬಹುದು. ಕ್ಯಾಮೆರಾ ಹಿಡಿದ ತಪ್ಪಾದರೆ, 2021ರಲ್ಲಿ ಸೇರಿಸಿದ ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ಘಟನೆ ನಡೆದ 15 ದಿನಗಳೊಳಗೆ ನೋಟಿಸ್ ಕಳಿಸಬೇಕು.

ಚಿರಿಮಿರಿ ಕೊಟ್ಟು ಪಾರಾಗುವುದು ಸಲೀಸು ಎನಿಸುತ್ತದೆ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯ ಸೆಕ್ಷನ್ 8 ಲಂಚ ಕೊಟ್ಟವರನ್ನೂ ಅಪರಾಧಿ ಎನ್ನುತ್ತದೆ. ಬಲವಂತಕ್ಕೆ ಕೊಟ್ಟಿದ್ದರೆ ರಕ್ಷಣೆ ಇದೆ, ಆದರೆ 7 ದಿನದೊಳಗೆ ದೂರು ಕೊಡಬೇಕು. ಮಹಾರಾಷ್ಟ್ರ ಎಸಿಬಿಯ ಸಹಾಯವಾಣಿ 1064.

ಮೊಬೈಲಿನಲ್ಲಿ ಚಿತ್ರೀಕರಿಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರ ಜುಲೈನಲ್ಲಿ ಒಂದು ಪ್ರಕರಣ ಕೈಗೆತ್ತಿಕೊಂಡಿತ್ತು. ಠಾಣೆಯೊಳಗೆ ವಿಡಿಯೊ ಮಾಡಿದವರ ಮೇಲೆ ಅಧಿಕೃತ ರಹಸ್ಯ ಕಾಯ್ದೆಯಡಿ ಹಾಕಿದ್ದ ಮೊಕದ್ದಮೆ ಅದು. ಪೊಲೀಸ್ ಠಾಣೆ ಆ ಕಾಯ್ದೆ ಹೇಳುವ ನಿಷೇಧಿತ ಸ್ಥಳವಲ್ಲ ಎಂದು ಪೀಠ ಮೊಕದ್ದಮೆ ರದ್ದುಪಡಿಸಿತು. ಠಾಣೆಯೊಳಗೇ ಹಾಗಿರುವಾಗ ಬಯಲು ಚೌಕದಲ್ಲಿ ಕ್ಯಾಮೆರಾ ಕಂಡು ಗದರುವುದಕ್ಕೆ ಆ ಕಾಯ್ದೆಯ ಆಸರೆ ಇಲ್ಲ. ಆದರೆ ಮುಖಕ್ಕೆ ಫೋನ್ ಹಿಡಿದು ಕೆಣಕಬೇಡಿ. ದೂರ ಇಡಿ, ಸುಮ್ಮನೆ ದಾಖಲಿಸಿ.

---

ಚೌಕಟ್ಟು 2: ಇಲ್ಲಿ ಮಾತ್ರ ಹಟ ಬೇಡ

• ಉಸಿರು ಪರೀಕ್ಷೆ: ಕುಡಿದಿದ್ದಾರೆಂದು ಅನುಮಾನಿಸಲು ಸಕಾರಣ ಇದ್ದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 203ರಂತೆ ಊದಿಸಬಹುದು. ಒಲ್ಲೆ ಎಂದರೆ ಆ ನಿರಾಕರಣೆಯೇ ನಿಮ್ಮ ವಿರುದ್ಧ ಸಾಕ್ಷ್ಯವಾಗಬಹುದು ಎನ್ನುತ್ತದೆ ಸೆಕ್ಷನ್ 205.

• ಮಿತಿ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್. ಮೀರಿದರೆ ಮೊದಲ ಸಲ 6 ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

• ಅಪಘಾತ: ಗಾಡಿ ಅಪಘಾತಕ್ಕೆ ಸಿಕ್ಕಿದ್ದರೆ ಸಮವಸ್ತ್ರದಲ್ಲಿರುವ ಸಬ್ ಇನ್‌ಸ್ಪೆಕ್ಟರ್ ಅಥವಾ ಮೇಲಿನ ಅಧಿಕಾರಿ ಹೇಳಿದಾಗ ನಿಲ್ಲಲೇಬೇಕು, ಹೆಸರು ವಿಳಾಸ ಕೊಡಲೇಬೇಕು. ಇದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 132.

• ಸಮವಸ್ತ್ರ ಇಲ್ಲದವರು, ನಿರ್ಜನ ಜಾಗ, ರಾತ್ರಿ ಹೊತ್ತು: ಗಾಜು ಏರಿಸಿಟ್ಟು 112ಕ್ಕೆ ಕರೆ ಮಾಡಿ, ಬೆಳಕಿರುವ ಕಡೆ ನಿಲ್ಲಿಸುತ್ತೇನೆಂದು ತಿಳಿಸಿ.

---

ಧೈರ್ಯ ಎಲ್ಲರ ಬಳಿ ಒಂದೇ ಸಮ ಇರುವುದಿಲ್ಲ

ಇಷ್ಟೆಲ್ಲ ತಿಳಿದರೂ ಇಂಡಿಯ ಆ ಚಾಲಕ ಏನು ಮಾಡಿಯಾನು? ಮರಾಠಿ ಬಾರದು. ಹಿಂದೆ ರೋಗಿ ಇದ್ದಾರೆ. ಚಲನ್ ಪ್ರಶ್ನಿಸಲು ಕೋರ್ಟಿಗೆ ಬರಬೇಕೆಂದರೆ ಮತ್ತೆ ರಾತ್ರಿಯಿಡೀ ಪ್ರಯಾಣ, ಒಂದು ದಿನದ ದುಡಿಮೆ ಹೋಯಿತು. ದಂಡಕ್ಕಿಂತ ದಾರಿಖರ್ಚೇ ಹೆಚ್ಚು. ಇಂಗ್ಲಿಷಿನಲ್ಲಿ ಸೆಕ್ಷನ್ ಹೇಳಬಲ್ಲ ಸಾಫ್ಟ್‌ವೇರ್ ಎಂಜಿನಿಯರನ್ನು ಒಂದು ನಿಮಿಷದಲ್ಲಿ ಬಿಡುವ ಚೌಕವೇ ಈತನನ್ನು ಅರ್ಧ ಗಂಟೆ ನಿಲ್ಲಿಸಿಕೊಳ್ಳುತ್ತದೆ. ಹಕ್ಕು ಇಬ್ಬರಿಗೂ ಒಂದೇ. ಅದನ್ನು ಬಳಸುವ ಶಕ್ತಿ ಒಂದೇ ಅಲ್ಲ.

ಆದ್ದರಿಂದ ನಿಮ್ಮ ಹಕ್ಕು ತಿಳಿದುಕೊಳ್ಳಿ ಎಂದು ಜನರಿಗೆ ಬುದ್ಧಿ ಹೇಳಿ ಮುಗಿಸುವುದು ಅರ್ಧ ಕೆಲಸ. ಉಳಿದರ್ಧ ಪೊಲೀಸ್ ಇಲಾಖೆಯದು, ಸರ್ಕಾರದ್ದು.

ತಡೆಯುವ ಪ್ರತಿಯೊಬ್ಬರ ಎದೆಯ ಮೇಲೆ ಓದುವಂತೆ ಹೆಸರು ಇರಲಿ. ಬಾಡಿ ಕ್ಯಾಮೆರಾ ಹೊತ್ತವರು ಮಾತ್ರ ತಡೆಯಲಿ. ಆ ಚಿತ್ರ ತಡೆಗೆ ಒಳಗಾದವರಿಗೂ ಕೇಳಿದರೆ ಸಿಗಲಿ. ಅದು ಪೊಲೀಸರ ಮೇಲಿನ ಸುಳ್ಳು ಆರೋಪಕ್ಕೂ ತಡೆ. ಹೊರರಾಜ್ಯದವರು ತಮ್ಮ ಊರಿನಿಂದಲೇ ಚಲನ್ ಪ್ರಶ್ನಿಸಿ ವಿಡಿಯೊ ಮೂಲಕ ವಾದಿಸುವಂತಾಗಲಿ. ಪುಲ್‌ಗೇಟ್, ಸ್ವಾರಗೇಟ್‌ಗಳಲ್ಲಿ ಒನ್‌ವೇ, ಪಾರ್ಕಿಂಗ್, ದಂಡದ ವಿವರಗಳ ಫಲಕ ಕನ್ನಡದಲ್ಲೂ ಇರಲಿ. ಬೆಂಗಳೂರು, ಬೆಳಗಾವಿಯಲ್ಲಿ ಮರಾಠಿ, ಹಿಂದಿಯವರಿಗೂ ಅಂಥದೇ ಅನುಕೂಲ ಸಿಗಲಿ.

ದೂರಿಗೆ ಸ್ವತಂತ್ರ ಕಿವಿ ಬೇಕು ಎಂದು ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ರಾಜ್ಯ ಮಟ್ಟದಲ್ಲೂ ಜಿಲ್ಲಾ ಮಟ್ಟದಲ್ಲೂ ಪೊಲೀಸ್ ದೂರು ಪ್ರಾಧಿಕಾರ ಇರಬೇಕೆಂಬುದು ಅದರ ನಿರ್ದೇಶನ. ಚೌಕದಲ್ಲಿ ನಿಂತ ಸಾಮಾನ್ಯ ಚಾಲಕರಲ್ಲಿ ಎಷ್ಟು ಮಂದಿ ಅಂಥದೊಂದು ಪ್ರಾಧಿಕಾರದ ಹೆಸರು ಕೇಳಿದ್ದಾರೆ?

ಪುಣೆಯಲ್ಲಿ ಕನ್ನಡಿಗರಿಗೆ ನೆಲೆ ಇದೆ. ಕಾವೇರಿ ಕಾಲೇಜು ನಡೆಸುವಷ್ಟು ಬೆಳೆದ ಪುಣೆ ಕನ್ನಡ ಸಂಘ ಇಲ್ಲಿದೆ. ಇಲ್ಲಿ ವಕಾಲತ್ತು ಮಾಡುವ ಕನ್ನಡಿಗರಿದ್ದಾರೆ. ವಾರಕ್ಕೊಂದು ಸಂಜೆ ಫೋನಿನಲ್ಲಿ ಸಲಹೆ ಕೊಡುವ ಒಂದು ನಂಬರ್, ಮೂರು ಪ್ರಶ್ನೆಗಳನ್ನು ಮರಾಠಿಯಲ್ಲಿ ಕೇಳಲು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ ಒಂದು ಕಾರ್ಡ್, ಇಷ್ಟನ್ನು ಮಾಡಲು ಸರ್ಕಾರದ ಅಪ್ಪಣೆ ಬೇಕಿಲ್ಲ.

ಪಾಲಿಸಬೇಕೋ, ಪ್ರಶ್ನಿಸಬೇಕೋ ಎಂದು ಕೇಳುವವರಿಗೆ ನನ್ನ ಉತ್ತರ: ಎರಡೂ, ಅದೇ ಕ್ರಮದಲ್ಲಿ. ಮೊದಲು ಗಾಡಿ ನಿಲ್ಲಿಸಿ, ದಾಖಲೆ ತೋರಿಸಿ. ಆಮೇಲೆ ಕಾರಣ ಕೇಳಿ, ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅನ್ಯಾಯ ಎನಿಸಿದ್ದರೆ ಅದೇ ದಿನ ಸ್ಥಳ, ಸಮಯ, ಹೆಸರು ಬರೆದು ದೂರು ಕೊಡಿ. ಒಬ್ಬರ ದೂರು ಕಡತದಲ್ಲಿ ಉಳಿದೀತು, ನೂರು ದೂರುಗಳಾದರೆ ಇಲಾಖೆ ಉತ್ತರಿಸಲೇಬೇಕಾಗುತ್ತದೆ. ಮಂಡ್ಯದ ಮಾರ್ಗಸೂಚಿಗೆ ಒಂದು ಮಗುವಿನ ಸಾವು ಬೇಕಾಯಿತು. ಮುಂದಿನ ಸುಧಾರಣೆ ಇನ್ನೊಂದು ಸಾವಿಗೆ ಕಾಯದೆ, ಚಾಲಕರು ಬರೆದ ಕಾಗದಗಳಿಂದ ಬರಬೇಕು.